ನವೆಂಬರ್‌ನಲ್ಲೇ ಮಾತು ಕೊಡುವುದೋ, ಜನವರಿವರೆಗೆ ಕಾಯುವುದೋ: ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರಿಗೆ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಅಥವಾ ಹನ್ನೆರಡನೇ ತರಗತಿ ಓದುತ್ತಲೇ ಅಮೆರಿಕದ ಪದವಿ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳು ಸೆಪ್ಟೆಂಬರ್ ಹೊತ್ತಿಗೆ ಒಂದು ವಿಷಯ ತೀರ್ಮಾನಿಸಬೇಕಾಗುತ್ತದೆ. ನವೆಂಬರ್‌ನಲ್ಲೇ ಒಂದು ಕಾಲೇಜಿಗೆ ಮಾತು ಕೊಟ್ಟುಬಿಡುವುದೋ, ಜನವರಿವರೆಗೆ ಕಾದು ಎಂಟು ಹತ್ತು ಕಾಲೇಜುಗಳಿಗೆ ಒಟ್ಟಿಗೆ ಹಾಕುವುದೋ? ಬಹಳಷ್ಟು ಮನೆಗಳಲ್ಲಿ ‘ಅರ್ಲಿ ಹಾಕಿದರೆ ಸೀಟು ಸಿಗುವುದು ಸುಲಭವಂತೆ’ ಎಂಬ ಒಂದೇ ಮಾತಿನ ಮೇಲೆ ಇದು ತೀರ್ಮಾನವಾಗಿಬಿಡುತ್ತದೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಅರ್ಲಿ ಡಿಸಿಷನ್, ಅಂದರೆ ಹೀಗೆ ಒಂದೇ ಕಾಲೇಜಿಗೆ ಮೊದಲೇ ಮಾತು ಕೊಟ್ಟು ಅರ್ಜಿ ಹಾಕುವುದು, ಮೊದಲಿಗೆ ದುಡ್ಡಿನ ತೀರ್ಮಾನ, ಆಮೇಲೆ ಸೀಟಿನದು. ಕೆಳಗಿನ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಕೊಟ್ಟಿದ್ದೇವೆ.

ಯಾವ ಸುತ್ತಿಗೆ ಯಾವ ಕಟ್ಟುಪಾಡು

ಅರ್ಲಿ ಡಿಸಿಷನ್ನಿಗೆ ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ 1, ಕೆಲವು ಕಾಲೇಜುಗಳಲ್ಲಿ ನವೆಂಬರ್ 15. ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ ಬರುತ್ತದೆ. ಹೀಗೆ ಅರ್ಜಿ ಹಾಕಬಹುದಾದದ್ದು ಒಂದೇ ಒಂದು ಕಾಲೇಜಿಗೆ. ಸೀಟು ಸಿಕ್ಕರೆ ಸೇರಿಯೇ ಸೇರುತ್ತೇವೆ, ಉಳಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತೇವೆ ಎಂಬ ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರು ಮತ್ತು ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಬ್ರೌನ್, ಕೊಲಂಬಿಯಾ, ಕಾರ್ನೆಲ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ, ಡ್ಯೂಕ್, ನಾರ್ತ್‌ವೆಸ್ಟರ್ನ್, ವಿಲಿಯಮ್ಸ್, ಆಮ್ಹರ್ಸ್ಟ್ ಇವೆಲ್ಲ ಈ ಪದ್ಧತಿಯವು.

ಎರಡನೇ ಅರ್ಲಿ ಡಿಸಿಷನ್ ಎಂಬುದೂ ಇದೆ. ಅರ್ಜಿ ಜನವರಿ ಮೊದಲ ವಾರದ ಆಸುಪಾಸು, ಫಲಿತಾಂಶ ಫೆಬ್ರವರಿ ಮಧ್ಯಕ್ಕೆ, ಕಟ್ಟುಪಾಡು ಮಾತ್ರ ಅದೇ. ಜಾನ್ಸ್ ಹಾಪ್ಕಿನ್ಸ್, ವ್ಯಾಂಡರ್‌ಬಿಲ್ಟ್, ಎಮೊರಿ, ಟಫ್ಟ್ಸ್, ನ್ಯೂಯಾರ್ಕ್ ವಿಶ್ವವಿದ್ಯಾಲಯ, ಶಿಕಾಗೊ ವಿಶ್ವವಿದ್ಯಾಲಯ ಇಂಥವುಗಳಲ್ಲಿ ಇದು ಸಿಗುತ್ತದೆ. ಹಾರ್ವರ್ಡ್, ಯೇಲ್, ಬ್ರೌನ್ ಮೊದಲಾದ ಎಂಟು ಹಳೆಯ ಖಾಸಗಿ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್‌ನಲ್ಲಿ ಇಲ್ಲ.

ಅರ್ಲಿ ಆ್ಯಕ್ಷನ್ ಬೇರೆ. ಅರ್ಜಿ ಬೇಗ ಹಾಕುತ್ತೀರಿ, ಉತ್ತರ ಬೇಗ ಬರುತ್ತದೆ, ಆದರೆ ಮೇ 1ರವರೆಗೆ ಯಾವ ಹಂಗೂ ಇಲ್ಲ. ಎಂಐಟಿ ಮತ್ತು ಪರ್ಡ್ಯೂ, ಇಲಿನಾಯ್, ಜಾರ್ಜಿಯಾ ಟೆಕ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳು ಈ ಗುಂಪಿನವು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫೋರ್ಡ್ ಇದನ್ನೇ ನಿರ್ಬಂಧದೊಂದಿಗೆ ಕೊಡುತ್ತವೆ. ಸೇರಲೇಬೇಕೆಂಬ ಕಟ್ಟಿಲ್ಲ, ಆದರೆ ಆ ಸುತ್ತಿನಲ್ಲಿ ಅಮೆರಿಕದ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಅರ್ಜಿ ಹಾಕುವಂತಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಬ್ರಿಟನ್ನಿನಂಥ ಹೊರದೇಶದವುಗಳಿಗೂ ಸಾಮಾನ್ಯವಾಗಿ ಹಾಕಬಹುದು.

ರೆಗ್ಯುಲರ್ ಡಿಸಿಷನ್ ಎಲ್ಲರಿಗೂ ಗೊತ್ತಿರುವಂಥದ್ದು. ಜನವರಿ ಮೊದಲೆರಡು ವಾರಗಳಲ್ಲಿ ಅರ್ಜಿ, ಮಾರ್ಚ್ ಕೊನೆಯಲ್ಲಿ ಉತ್ತರ, ಮೇ 1ರೊಳಗೆ ನಿಮ್ಮ ಆಯ್ಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ಅರ್ಲಿ ಸುತ್ತೇ ಇಲ್ಲ. ಅವುಗಳಿಗೆ ಪ್ರತ್ಯೇಕ ಅರ್ಜಿ ಇದ್ದು, ನವೆಂಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಜನವರಿ ಎಂದುಕೊಂಡು ಬರ್ಕ್ಲಿಯನ್ನೋ ಲಾಸ್ ಏಂಜಲೀಸ್ ಕ್ಯಾಂಪಸ್ಸನ್ನೋ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಮೊದಲ ಹೆಜ್ಜೆ: ಖರ್ಚು ಎಷ್ಟು, ಎಲ್ಲಿಂದ

ಜೂನ್, ಜುಲೈನಲ್ಲೇ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ, ವಿಮೆ ಎಲ್ಲ ಸೇರಿ ವರ್ಷಕ್ಕೆ 85,000ದಿಂದ 95,000 ಡಾಲರ್ ಆಗುತ್ತದೆ. ರೂಪಾಯಿಯಲ್ಲಿ ವರ್ಷಕ್ಕೆ 70 ಲಕ್ಷ ದಾಟುತ್ತದೆ. ಶುಲ್ಕ ಪ್ರತಿ ವರ್ಷ ಏರುವುದನ್ನೂ ಸೇರಿಸಿದರೆ ನಾಲ್ಕು ವರ್ಷಕ್ಕೆ 3 ಕೋಟಿಗೆ ಕಡಿಮೆ ಇಲ್ಲ.

ಇಲ್ಲಿ ಮೂರು ದಾರಿ ಕವಲೊಡೆಯುತ್ತವೆ.

ನೆರವಿಲ್ಲದೆ ಪೂರ್ತಿ ಹಣ ಕಟ್ಟಬಲ್ಲ ಮನೆಯವರಿಗೆ ಅರ್ಲಿ ಡಿಸಿಷನ್‌ನಿಂದ ಹಣದ ಅಪಾಯವಿಲ್ಲ. ಅವರು ನೇರವಾಗಿ ಎರಡನೇ ಹೆಜ್ಜೆಗೆ ಹೋಗಬಹುದು.

ಸ್ವಲ್ಪ ಕಟ್ಟಬಲ್ಲೆವು, ಉಳಿದದ್ದಕ್ಕೆ ಕಾಲೇಜಿನ ನೆರವು ಬೇಕು ಎನ್ನುವವರು ನಿಧಾನಿಸಬೇಕು. ಬಹುಪಾಲು ಕಾಲೇಜುಗಳು ಹೊರದೇಶದ ವಿದ್ಯಾರ್ಥಿಗೆ ಸೀಟು ಕೊಡುವಾಗಲೇ ಅವರಿಗೆ ಎಷ್ಟು ನೆರವು ಬೇಕಾದೀತು ಎಂದು ನೋಡುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಮತ್ತು 2025ರಲ್ಲಿ ಸೇರಿದ ತಂಡದಿಂದ ಬ್ರೌನ್, ಇಂಥ ಬೆರಳೆಣಿಕೆಯ ಕಾಲೇಜುಗಳು ಮಾತ್ರ ಹೊರದೇಶದವರ ವಿಷಯದಲ್ಲೂ ಅದನ್ನು ನೋಡದೆ ಆರಿಸಿ, ಆಮೇಲೆ ಅಗತ್ಯವಿರುವಷ್ಟು ಪೂರ್ತಿ ಕೊಡುತ್ತವೆ. ಈ ಪಟ್ಟಿಯಲ್ಲಿ ಡಾರ್ಟ್‌ಮತ್, ಬೋಡನ್, ಬ್ರೌನ್, ಆಮ್ಹರ್ಸ್ಟ್ ಅರ್ಲಿ ಡಿಸಿಷನ್ ಇರುವವು. ನೆರವು ಬೇಕಿರುವ ಮಗು ಅರ್ಲಿ ಡಿಸಿಷನ್ ಹಾಕುವುದಾದರೆ ಇವುಗಳನ್ನು ಮೊದಲು ನೋಡುವುದು ಒಳ್ಳೆಯದು. ‘ಅಗತ್ಯ ಎಷ್ಟು’ ಎಂದು ಲೆಕ್ಕ ಹಾಕುವುದು ಮಾತ್ರ ಕಾಲೇಜೇ, ನೀವಲ್ಲ.

ಆ ಲೆಕ್ಕಕ್ಕೆ ಅನೇಕ ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ಕೇಳುತ್ತವೆ. ಅದು ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ಸಂಬಳದ ಜೊತೆಗೆ ಆಸ್ತಿಯನ್ನೂ ಕೇಳುತ್ತಾರೆ. ನಮ್ಮ ಮನೆಗಳು ಎಡವುವುದು ಇಲ್ಲೇ. ವರ್ಷದ ಆದಾಯ 20 ಲಕ್ಷವಿದ್ದು, ಬೆಂಗಳೂರಿನಲ್ಲಿ ವಾಸದ ಮನೆಯ ಹೊರತಾಗಿ ಒಂದು ಸೈಟ್ ಇದ್ದರೆ, ಆ ಸೈಟಿನ ಇಂದಿನ ಬೆಲೆ ನಿಮ್ಮ ಶಕ್ತಿಯ ಲೆಕ್ಕಕ್ಕೆ ಸೇರುತ್ತದೆ. ‘ಅದು ಮಗಳ ಮದುವೆಗೆ ಅಂತ ಇಟ್ಟದ್ದು’ ಎಂಬುದಕ್ಕೆ ಅಲ್ಲಿ ಖಾನೆ ಇಲ್ಲ. ಅಡಿಕೆ ತೋಟವೋ ಕಾಫಿ ತೋಟವೋ ಅಣ್ಣ ತಮ್ಮಂದಿರ ಹೆಸರಲ್ಲಿ ಜಂಟಿಯಾಗಿದ್ದರೆ ನಿಮ್ಮ ಪಾಲೆಷ್ಟು, ಅದರಿಂದ ಕೈಗೆ ಬರುವುದೆಷ್ಟು ಎಂಬುದನ್ನು ವಿಶೇಷ ವಿವರಣೆಯ ಜಾಗದಲ್ಲಿ ಸ್ಪಷ್ಟವಾಗಿ ಬರೆಯಿರಿ, ಪಹಣಿಯನ್ನೂ ಲೆಕ್ಕಪರಿಶೋಧಕರ ಪತ್ರವನ್ನೂ ಕೈಯಲ್ಲಿಟ್ಟುಕೊಳ್ಳಿ. ಆದಾಯ ತೆರಿಗೆ ರಿಟರ್ನ್, ಫಾರ್ಮ್ 16, ಬ್ಯಾಂಕ್ ವಿವರಗಳು ಸೆಪ್ಟೆಂಬರ್‌ನಲ್ಲೇ ಸಿದ್ಧವಿರಲಿ. ಅರ್ಲಿ ಡಿಸಿಷನ್‌ನವರಿಗೆ ಈ ಕಾಗದಗಳ ಕೊನೆಯ ದಿನವೂ ನವೆಂಬರ್‌ನಲ್ಲೇ ಬೀಳುತ್ತದೆ.

ಮೂರನೆಯವರು, ನೆರವಿಗಿಂತ ಪ್ರತಿಭಾ ವಿದ್ಯಾರ್ಥಿವೇತನವನ್ನು ನಂಬಿದವರು. ಇಂಥವರು ಅರ್ಲಿ ಡಿಸಿಷನ್ ಹಾಕಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಎರಡು ಮೂರು ಕಾಲೇಜು ಕೊಟ್ಟ ಮೊತ್ತವನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಅವಕಾಶವೇ ಅವರ ಬಂಡವಾಳ, ಅರ್ಲಿ ಡಿಸಿಷನ್ ಅದನ್ನು ಕಿತ್ತುಕೊಳ್ಳುತ್ತದೆ. ಅವರಿಗೆ ಸರಿಹೋಗುವುದು ಅರ್ಲಿ ಆ್ಯಕ್ಷನ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಪರಿಗಣಿಸಬೇಕಾದರೆ ನವೆಂಬರ್‌ನ ಅರ್ಲಿ ಸುತ್ತಿನಲ್ಲೇ ಹಾಕಿರಬೇಕು.

ನೆರವು ಸಾಲದಿದ್ದರೆ ಅರ್ಲಿ ಡಿಸಿಷನ್ ಒಪ್ಪಂದದಿಂದ ಬಿಡುಗಡೆ ಸಿಗುತ್ತದೆಯಲ್ಲ ಎಂದು ಕೇಳುವವರುಂಟು. ನೆರವಿಗೆ ಅರ್ಜಿ ಹಾಕಿ, ಕಾಲೇಜು ಕೊಟ್ಟದ್ದು ಸಾಲದಿದ್ದರೆ ಬಿಡುಗಡೆ ಕೇಳಬಹುದು ಎಂಬುದು ನಿಜ. ಮೊದಲು ನೆರವಿನ ಕಚೇರಿಗೆ ದಾಖಲೆ ಸಮೇತ ಮರುಪರಿಶೀಲನೆ ಕೋರಬೇಕು, ಅದಾದ ಮೇಲೂ ಆಗದಿದ್ದರೆ ಹಿಂದೆ ಸರಿಯಬಹುದು. ಆದರೆ ಮುಂದೊಂದು ಬಾಗಿಲು ಮುಚ್ಚುವುದನ್ನು ಗಮನಿಸಿ. ನೆರವಿಗೆ ಅರ್ಜಿ ಹಾಕದೆ ಸೀಟು ಪಡೆದ ಹೊರದೇಶದ ವಿದ್ಯಾರ್ಥಿಗೆ ಅನೇಕ ಕಾಲೇಜುಗಳಲ್ಲಿ ಮುಂದಿನ ನಾಲ್ಕು ವರ್ಷವೂ ನೆರವು ಕೇಳುವ ಹಕ್ಕಿರುವುದಿಲ್ಲ. ‘ಈಗ ಬೇಡವೆಂದು ಟಿಕ್ ಮಾಡೋಣ, ಸೇರಿದ ಮೇಲೆ ಕೇಳೋಣ’ ಎಂಬ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಅಮೆರಿಕದಲ್ಲಿ ಹುಟ್ಟಿ ಈಗ ಬೆಂಗಳೂರು, ಮೈಸೂರಿನಲ್ಲಿ ಓದುತ್ತಿರುವ ಮಕ್ಕಳ ವಿಷಯ ಬೇರೆ. ಅವರು ಅಲ್ಲಿನ ಪ್ರಜೆಗಳು, ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿ ಹಾಕಬಹುದು, ನೆರವಿನ ವಿಷಯದಲ್ಲಿ ಸ್ಥಳೀಯರಂತೆಯೇ ಪರಿಗಣನೆ ಪಡೆಯುತ್ತಾರೆ. ನೆರವು ಕಳೆದು ಕೈಯಿಂದ ಎಷ್ಟು ಕಟ್ಟಬೇಕಾದೀತು ಎಂದು ಅಂದಾಜು ಹೇಳುವ, ಕಾಲೇಜಿನ ಜಾಲತಾಣದ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಅವರಿಗೆ ಉಪಯೋಗಕ್ಕೆ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಹೆತ್ತವರು ಎಚ್-1ಬಿ ವೀಸಾದಲ್ಲಿದ್ದು ಅಲ್ಲಿನ ಹೈಸ್ಕೂಲಿನಲ್ಲೇ ಓದುತ್ತಿರುವ ಮಕ್ಕಳಿಗೆ ಫಾಫ್ಸಾ ಸಿಗುವುದಿಲ್ಲ, ಅನೇಕ ಕಾಲೇಜುಗಳು ಅವರನ್ನು ನೆರವಿನ ಮಟ್ಟಿಗೆ ಹೊರದೇಶದವರೆಂದೇ ಎಣಿಸುತ್ತವೆ. ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ಮನೆಯವರು ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆ ಕಾಲೇಜಿಗೆ ಬರೆದು ಕೇಳಬೇಕು.

ಎರಡನೇ ಹೆಜ್ಜೆ: ಶೇಕಡಾವಾರು ಲೆಕ್ಕವನ್ನು ಬಿಡಿಸಿ ನೋಡಿ

2028ರಲ್ಲಿ ಪದವಿ ಮುಗಿಸುವ ತಂಡಕ್ಕೆ ಬ್ರೌನ್‌ನಲ್ಲಿ ಅರ್ಲಿ ಡಿಸಿಷನ್ ಹಾಕಿದವರು 6,244 ಮಂದಿ, ಸೀಟು ಸಿಕ್ಕಿದ್ದು 898 ಮಂದಿಗೆ. ಅಂದರೆ ನೂರಕ್ಕೆ 14ರಷ್ಟು. ಎರಡೂ ಸುತ್ತು ಸೇರಿ 48,881 ಅರ್ಜಿಗಳಲ್ಲಿ 2,521 ಮಂದಿಗೆ ಸಿಕ್ಕಿತು. ರೆಗ್ಯುಲರ್ ಸುತ್ತನ್ನಷ್ಟೇ ತೆಗೆದರೆ ನೂರಕ್ಕೆ ನಾಲ್ಕರ ಒಳಗೆ. ಒಂದು ತಂಡದಲ್ಲಿ ಇರುವುದೇ ಸುಮಾರು 1,700 ಮಂದಿ, ಅರ್ಧದಷ್ಟು ಜಾಗ ಡಿಸೆಂಬರ್‌ನಲ್ಲೇ ತುಂಬಿಹೋಯಿತು.

ಕಾಲೇಜುಗಳು ಹೀಗೇಕೆ ಮಾಡುತ್ತವೆ ಎಂದರೆ, ರೆಗ್ಯುಲರ್ ಸುತ್ತಿನಲ್ಲಿ ಸೀಟು ಕೊಟ್ಟವರಲ್ಲಿ ಎಷ್ಟು ಮಂದಿ ಬರುತ್ತಾರೋ ಹೇಳಲಾಗದು. ಅರ್ಲಿ ಡಿಸಿಷನ್‌ನಲ್ಲಿ ಕೊಟ್ಟವರು ಹೆಚ್ಚುಕಡಿಮೆ ಎಲ್ಲರೂ ಬರುತ್ತಾರೆ. ಆ ಖಾತ್ರಿಗೆ ಕಾಲೇಜು ಸ್ವಲ್ಪ ಬೆಲೆ ಕೊಡುತ್ತದೆ.

ಹಾಗೆಂದು 14ಕ್ಕೂ 4ಕ್ಕೂ ಇರುವ ಅಂತರವೆಲ್ಲ ನಿಮ್ಮ ಮಗುವಿಗೆ ದಕ್ಕುವ ಲಾಭವಲ್ಲ. ಕಾಲೇಜಿನ ತಂಡಗಳಿಗೆ ಮೊದಲೇ ಆರಿಸಿಕೊಂಡ ಕ್ರೀಡಾಪಟುಗಳು, ಹೆತ್ತವರು ಅಲ್ಲೇ ಓದಿದ ಮಕ್ಕಳು ಹೆಚ್ಚಾಗಿ ಇದೇ ಸುತ್ತಿನಲ್ಲಿ ಬರುತ್ತಾರೆ. ಜೊತೆಗೆ, ತಯಾರಿ ಚೆನ್ನಾಗಿರುವವರೇ ನವೆಂಬರ್‌ಗೆ ಸಿದ್ಧರಾಗಿರುತ್ತಾರೆ. ಮಾತು ಕಟ್ಟಿಹಾಕದ ಸುತ್ತಿನಲ್ಲಿ ಅಂತರ ಎಷ್ಟು ಕಿರಿದಾಗುತ್ತದೆ ಎಂಬುದಕ್ಕೆ ಎಂಐಟಿ ನೋಡಿ: ಅದೇ ವರ್ಷ ಅರ್ಲಿ ಆ್ಯಕ್ಷನ್‌ನಲ್ಲಿ 12,563 ಅರ್ಜಿಗಳಿಗೆ 661 ಸೀಟು, ನೂರಕ್ಕೆ 5.3. ಒಟ್ಟಾರೆ ಲೆಕ್ಕ 4.5.

ನಿಮ್ಮ ಪಟ್ಟಿಯ ಪ್ರತಿ ಕಾಲೇಜಿಗೂ ಈ ಲೆಕ್ಕ ನೀವೇ ಮಾಡಬಹುದು. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿದರೆ ಅವರೇ ಹಾಕಿದ ದಾಖಲೆ ಸಿಗುತ್ತದೆ. ಅದರಲ್ಲಿ ಸಿ21 ಎಂಬ ಭಾಗದಲ್ಲಿ ಅರ್ಲಿ ಡಿಸಿಷನ್ ಅರ್ಜಿಗಳೆಷ್ಟು, ಕೊಟ್ಟ ಸೀಟುಗಳೆಷ್ಟು ಎಂದಿರುತ್ತದೆ. ಸಿ1ರ ಒಟ್ಟು ಸಂಖ್ಯೆಯಿಂದ ಅದನ್ನು ಕಳೆದರೆ ಉಳಿದ ಸುತ್ತಿನ ಚಿತ್ರ ಸಿಗುತ್ತದೆ. ಅರ್ಜಿದಾರರ ಆಸಕ್ತಿಗೆ ಎಷ್ಟು ಬೆಲೆ ಎಂಬುದು ಸಿ7ರಲ್ಲಿ. ಎಲ್ಲಕ್ಕಿಂತ ಮುಖ್ಯ ಎಚ್6: ಹೊರದೇಶದ ಎಷ್ಟು ಮಂದಿಗೆ ನೆರವು ಕೊಟ್ಟರು, ಸರಾಸರಿ ಎಷ್ಟು ಡಾಲರ್ ಎಂದು ಅಲ್ಲಿದೆ. ಸೀಟಿನ ಶೇಕಡಾ ನೋಡುವ ಮೊದಲು ಎಚ್6 ನೋಡಿ. ಅಲ್ಲಿ ನೆರವು ಪಡೆದವರ ಸಂಖ್ಯೆ ಒಂದಂಕಿಯಲ್ಲಿದ್ದರೆ, ನೆರವು ಬೇಕಿರುವ ನಿಮ್ಮ ಮಗುವಿನ ಒಂದೇ ಅರ್ಲಿ ಡಿಸಿಷನ್ ಅವಕಾಶವನ್ನು ಅಲ್ಲಿ ಕಳೆಯಬೇಡಿ.

ಮೂರನೇ ಹೆಜ್ಜೆ: ನವೆಂಬರ್‌ಗೆ ಅರ್ಜಿ ಗಟ್ಟಿಯಾಗುತ್ತದೆಯೇ

ನವೆಂಬರ್‌ನಲ್ಲಿ ಹಾಕುವ ಅರ್ಜಿಯಲ್ಲಿ ಕಾಲೇಜಿಗೆ ಕಾಣುವುದು ಒಂಬತ್ತು, ಹತ್ತು ಮತ್ತು ಪ್ರಥಮ ಪಿಯುಸಿಯ ಅಂಕಗಳು ಮಾತ್ರ. ಪ್ರಥಮ ಪಿಯುಸಿಯಲ್ಲಿ ಕುಸಿದು, ದ್ವಿತೀಯ ಪಿಯುಸಿಯಲ್ಲಿ ಚೇತರಿಸಿಕೊಂಡ ಮಗುವಿಗೆ ರೆಗ್ಯುಲರ್ ಸುತ್ತೇ ಮೇಲು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಮಧ್ಯವಾರ್ಷಿಕ ವರದಿಯಾಗಿ ಜನವರಿ, ಫೆಬ್ರವರಿಯಲ್ಲಿ ಹೋಗುತ್ತವೆ, ಚೇತರಿಕೆ ಅಲ್ಲಿ ಕಾಣುತ್ತದೆ. ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೇಳುವ ಕಾಲೇಜುಗಳು ಮತ್ತೆ ಹೆಚ್ಚಿವೆ. ಅರ್ಲಿ ಸುತ್ತಿಗೆ ನಂಬಬಹುದಾದ ಕೊನೆಯ ಸ್ಯಾಟ್ ಅಕ್ಟೋಬರ್‌ನದು, ಆದ್ದರಿಂದ ಆಗಸ್ಟ್‌ನಲ್ಲೇ ಒಮ್ಮೆ ಬರೆದು ಅಕ್ಟೋಬರನ್ನು ಮರುಯತ್ನಕ್ಕೆ ಉಳಿಸಿಕೊಳ್ಳಿ.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ಹೊಸ ವರ್ಷಕ್ಕೆ ತೆರೆಯುತ್ತದೆ. 650 ಪದ ಮೀರದ ಮುಖ್ಯ ಪ್ರಬಂಧ, ಗರಿಷ್ಠ 10 ಚಟುವಟಿಕೆಗಳು, ಮೇಲೆ ಆಯಾ ಕಾಲೇಜಿನ ಸಣ್ಣ ಪ್ರಬಂಧಗಳು. ಮಕ್ಕಳು ಇದನ್ನು ಹೇಗೋ ಮುಗಿಸುತ್ತಾರೆ. ಸಿಕ್ಕಿಬೀಳುವುದು ಶಾಲೆಯ ಕಡೆಯ ಕಾಗದಗಳಲ್ಲಿ, ಅದರಲ್ಲೂ ಪಿಯು ಕಾಲೇಜಿನ ಮಕ್ಕಳು.

ಕಾರಣ ಸರಳ. ಅಮೆರಿಕದ ಅರ್ಜಿ ಒಂಬತ್ತರಿಂದ ಹನ್ನೆರಡರವರೆಗೆ ಒಂದೇ ಶಾಲೆ ಎಂಬ ಊಹೆಯ ಮೇಲೆ ನಿಂತಿದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿವರೆಗೆ ಒಂದು ಶಾಲೆ, ಪಿಯುಸಿಗೆ ಇನ್ನೊಂದು ಕಾಲೇಜು. ಒಂಬತ್ತನೇ ತರಗತಿಯ ಅಂಕಪಟ್ಟಿ ಹಳೆಯ ಶಾಲೆಯಿಂದ ತರಬೇಕು, ಅದನ್ನು ಪಿಯು ಕಾಲೇಜಿನವರು ಉಳಿದವುಗಳ ಜೊತೆ ಸೇರಿಸಿ ಕಳುಹಿಸಬೇಕು. ಕೌನ್ಸೆಲರ್ ಎಂಬ ಹುದ್ದೆ ಹೆಚ್ಚಿನ ಪಿಯು ಕಾಲೇಜುಗಳಲ್ಲಿ ಇಲ್ಲ, ಆ ಜಾಗದಲ್ಲಿ ಪ್ರಾಂಶುಪಾಲರೋ ಉಪ ಪ್ರಾಂಶುಪಾಲರೋ ನಿಲ್ಲಬೇಕು. ಜುಲೈನಲ್ಲೇ ಹೋಗಿ, ‘ಸರ್, ನಾಲ್ಕು ಕೆಲಸ ಆಗಬೇಕು: ಶಾಲಾ ವರದಿ, ಅಂಕಪಟ್ಟಿಗಳು, ನಿಮ್ಮ ಶಿಫಾರಸು ಪತ್ರ, ಅರ್ಲಿ ಡಿಸಿಷನ್ ಒಪ್ಪಂದಕ್ಕೆ ಸಹಿ’ ಎಂದು ಬಿಡಿಬಿಡಿಯಾಗಿ ಹೇಳಿ. ಆ ಸಹಿಯ ಅರ್ಥವೇನೆಂದು ಅವರಿಗೆ ಗೊತ್ತಿರಲಾರದು, ಬಿಡಿಸಿ ಹೇಳುವುದು ನಿಮ್ಮ ಕೆಲಸ. ಮಾತು ತಪ್ಪಿದರೆ ಆ ಕಾಲೇಜಿನಿಂದ ಮುಂದೆ ಅರ್ಜಿ ಹಾಕುವ ಮಕ್ಕಳಿಗೂ ಕೆಟ್ಟ ಹೆಸರು ಅಂಟುತ್ತದೆ.

ಶಿಫಾರಸು ಪತ್ರ ಬರೆಯುವ ಉಪನ್ಯಾಸಕರಿಗೆ ನಿಮ್ಮನ್ನು ಕಂಡು ಒಂದು ವರ್ಷವಷ್ಟೇ ಆಗಿರುತ್ತದೆ, ತರಗತಿಯೂ ದೊಡ್ಡದು. ಅವರ ತರಗತಿಯಲ್ಲಿ ನೀವು ಮಾಡಿದ ಪ್ರಾಜೆಕ್ಟ್, ಕೇಳಿದ ಪ್ರಶ್ನೆ, ಎಡವಿ ಎದ್ದ ಅಧ್ಯಾಯ ಇಂಥವನ್ನು ಒಂದು ಪುಟದಲ್ಲಿ ನೆನಪಿಗೆ ಬರೆದು ಕೊಡಿ. ಪತ್ರವನ್ನೇ ನೀವು ಬರೆದು ಸಹಿಗೆ ಒಯ್ಯಬೇಡಿ. ಅದು ಮೋಸ, ಸಿಕ್ಕಿಬಿದ್ದರೆ ಕೊಟ್ಟ ಸೀಟೂ ಹೋಗುತ್ತದೆ. ಪತ್ರ ಬರೆಯುವವರು ಕಾಲೇಜಿನ ಅಧಿಕೃತ ಇಮೇಲ್ ವಿಳಾಸ ಬಳಸಿದರೆ ಒಳ್ಳೆಯದು, ಸ್ವಂತ ಜಿಮೇಲ್ ವಿಳಾಸದಿಂದ ಬಂದದ್ದಕ್ಕೆ ಹೆಚ್ಚಿನ ಪರಿಶೀಲನೆ ನಡೆಯಬಹುದು.

ದಿನಾಂಕದ ಲೆಕ್ಕವನ್ನು ನಮ್ಮ ಪಂಚಾಂಗದ ಪಕ್ಕದಲ್ಲಿಟ್ಟು ಮಾಡಿ. ಅಕ್ಟೋಬರ್‌ನಲ್ಲಿ ದಸರಾ ರಜೆ, ತಿಂಗಳ ಕೊನೆಗೋ ನವೆಂಬರ್ ಆರಂಭಕ್ಕೋ ದೀಪಾವಳಿ, ನವೆಂಬರ್ 1 ಅಂದರೆ ರಾಜ್ಯೋತ್ಸವ, ಕಾಲೇಜಿನ ಕಚೇರಿಗೆ ಬೀಗ. ಆದ್ದರಿಂದ ಶಾಲೆಯ ಕಡೆಯ ಕಾಗದಗಳಿಗೆಲ್ಲ ಸೆಪ್ಟೆಂಬರ್ 30 ಕೊನೆಯ ದಿನ ಎಂದೇ ಹೇಳಿ. ನಿಮ್ಮ ಭಾಗವನ್ನು ಅಕ್ಟೋಬರ್ 25ರೊಳಗೆ ಸಲ್ಲಿಸಿ, ಕೊನೆಯ ರಾತ್ರಿ ಕಾರ್ಡಿನ ಪಾವತಿ ನಿಂತುಹೋಗುವುದು ಸಾಮಾನ್ಯ. ಪೋಷಕರ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಚಾಲೂ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಈ ಕೆಲಸಗಳು ಅಕ್ಟೋಬರ್ ಮಧ್ಯಕ್ಕೂ ಮುಗಿಯುವಂತೆ ಕಾಣದಿದ್ದರೆ ಅರ್ಲಿ ಬಿಡಿ. ಅರೆಬೆಂದ ಅರ್ಜಿಯನ್ನು ಬೇಗ ಕೊಟ್ಟರೆ ಬೇಗ ನಿರಾಕರಣೆ ಬರುತ್ತದೆ. ಅರ್ಲಿಯಲ್ಲಿ ನಿರಾಕರಿಸಿದ ಕಾಲೇಜಿಗೆ ಅದೇ ವರ್ಷ ರೆಗ್ಯುಲರ್‌ನಲ್ಲಿ ಮತ್ತೆ ಹಾಕುವಂತಿಲ್ಲ.

ನಾಲ್ಕನೇ ಹೆಜ್ಜೆ: ಪಟ್ಟಿ ಹೆಣೆಯುವುದು

ಒಂದು ಅರ್ಲಿ ಡಿಸಿಷನ್ ಜೊತೆಗೆ ಮಾತು ಕಟ್ಟದ ಎರಡು ಮೂರು ಅರ್ಲಿ ಆ್ಯಕ್ಷನ್ ಹಾಕುವುದಕ್ಕೆ ಹೆಚ್ಚಿನ ಕಾಲೇಜುಗಳ ಅಡ್ಡಿಯಿಲ್ಲ. ಪರ್ಡ್ಯೂ, ಇಲಿನಾಯ್‌ನಂಥ ಕಡೆ ಕಂಪ್ಯೂಟರ್ ಸೈನ್ಸಿಗೆ ನೂಕುನುಗ್ಗಲು ಇರುವುದರಿಂದ ಅವುಗಳನ್ನು ನವೆಂಬರ್ ಸುತ್ತಿನಲ್ಲೇ ಹಾಕುವುದು ಕ್ಷೇಮ. ಹಾರ್ವರ್ಡ್ ಮಾದರಿಯ ನಿರ್ಬಂಧದ ಸುತ್ತು ಆರಿಸಿದವರು ಅರ್ಲಿ ಡಿಸಿಷನ್ ಕೈಬಿಡಬೇಕು.

ಎಲ್ಲಕ್ಕಿಂತ ಹೆಚ್ಚು ಮಂದಿ ಮಾಡುವ ತಪ್ಪು ಡಿಸೆಂಬರ್‌ನದು. ಅರ್ಲಿ ಉತ್ತರ ಬರಲಿ, ಆಮೇಲೆ ಉಳಿದವನ್ನು ಬರೆಯೋಣ ಎಂದು ಕಾಯುತ್ತಾರೆ. ಉತ್ತರ ಬರುವುದು ಡಿಸೆಂಬರ್ 15ರ ಸುಮಾರಿಗೆ, ಜನವರಿ 1ಕ್ಕೆ ಉಳಿಯುವುದು ಎರಡೇ ವಾರ. ಹತ್ತು ಕಾಲೇಜಿಗೆ ಇಪ್ಪತ್ತು ಪ್ರಬಂಧಗಳಾದರೂ ಬೇಕು, ಅದೇ ಹೊತ್ತಿಗೆ ಜೆಇಇ ಮೇನ್‌ನ ಜನವರಿ ಪರೀಕ್ಷೆಯ ಓದು. ರೆಗ್ಯುಲರ್ ಪ್ರಬಂಧಗಳ ಕರಡು ಡಿಸೆಂಬರ್ 10ರೊಳಗೆ ಮುಗಿದಿರಲಿ, ಶುಲ್ಕ ಮಾತ್ರ ಕಟ್ಟದೆ ಇಟ್ಟುಕೊಳ್ಳಿ. ಒಂದೊಂದು ಅರ್ಜಿಗೆ 75ರಿಂದ 90 ಡಾಲರ್ ಆಗುವುದರಿಂದ, ಸೀಟು ಸಿಕ್ಕರೆ ಅಷ್ಟೂ ಉಳಿಯುತ್ತದೆ. ಆದರೆ ವಿದ್ಯಾರ್ಥಿವೇತನಕ್ಕೆ ಡಿಸೆಂಬರ್ 1ರ ಗಡುವು ಇಟ್ಟಿರುವ ಕಾಲೇಜುಗಳೂ ಇವೆ, ಅವುಗಳನ್ನು ಕಾಯಿಸಬೇಡಿ.

ಉತ್ತರ ಬಂದ ಮೇಲೆ

ಫಲಿತಾಂಶ ಹಲವು ಕಡೆ ಅಮೆರಿಕದ ಪೂರ್ವ ಕರಾವಳಿಯ ಸಂಜೆ 7ಕ್ಕೆ ಪ್ರಕಟವಾಗುತ್ತದೆ. ಡಿಸೆಂಬರ್‌ನಲ್ಲಿ ನಮಗದು ಮರುದಿನ ಬೆಳಗಿನ 5.30.

ಸೀಟು ಸಿಕ್ಕಿದ್ದರೆ ಮೊದಲು ನೆರವಿನ ಪತ್ರ ಓದಿ, ಹಣ ಹೊಂದುವುದಾದರೆ ಒಪ್ಪಿಗೆ ಕೊಟ್ಟು ಠೇವಣಿ ಕಟ್ಟಿ, ಉಳಿದ ಅರ್ಜಿಗಳನ್ನೆಲ್ಲ ಕೂಡಲೇ ಹಿಂದಕ್ಕೆ ಪಡೆಯಿರಿ. ಬೇರೆ ಕಡೆಯೂ ಸಿಗುತ್ತದೋ ನೋಡೋಣ ಎಂದು ಬಿಟ್ಟಿಟ್ಟುಕೊಳ್ಳುವುದು ಒಪ್ಪಂದ ಮುರಿದ ಹಾಗೆ.

ನಿರಾಕರಣೆ ಬಂದರೆ ಆ ಕಾಲೇಜಿನ ಕಥೆ ಆ ವರ್ಷಕ್ಕೆ ಮುಗಿಯಿತು. ಮುಂದೂಡಿದ್ದೇವೆ ಎಂದು ಬಂದರೆ ನಿಮ್ಮ ಅರ್ಜಿ ರೆಗ್ಯುಲರ್ ಸುತ್ತಿಗೆ ಹೋಗುತ್ತದೆ, ಜೊತೆಗೆ ಕೊಟ್ಟ ಮಾತಿನಿಂದಲೂ ಬಿಡುಗಡೆಯಾಗುತ್ತದೆ. ಆಗ ಬೇರೆ ಕಾಲೇಜಿಗೆ ಎರಡನೇ ಅರ್ಲಿ ಡಿಸಿಷನ್ ಹಾಕಬಹುದು. ಹಾಕುವ ಮುನ್ನ ಮೊದಲ ಹೆಜ್ಜೆಯ ಲೆಕ್ಕವನ್ನು ಆ ಕಾಲೇಜಿಗೂ ಹೊಸದಾಗಿ ಮಾಡಿ, ನಿರಾಸೆಯ ಭರದಲ್ಲಿ ಸಹಿ ಹಾಕಬೇಡಿ. ಮುಂದೂಡಿದ ಕಾಲೇಜಿಗೆ ಜನವರಿ ಕೊನೆಯಲ್ಲಿ ಒಂದು ಪುಟದ ಪತ್ರ ಬರೆದು, ನವೆಂಬರ್ ನಂತರ ಆದ ಹೊಸ ಸಂಗತಿಗಳನ್ನಷ್ಟೇ ತಿಳಿಸಿ: ಅರ್ಧವಾರ್ಷಿಕ ಅಂಕ, ಒಲಿಂಪಿಯಾಡ್ ಫಲಿತಾಂಶ, ಮುಗಿದ ಪ್ರಾಜೆಕ್ಟ್.

ಸೀಟು ಸಿಕ್ಕವರೂ ದ್ವಿತೀಯ ಪಿಯುಸಿಯನ್ನು ಸಡಿಲ ಬಿಡುವಂತಿಲ್ಲ. ಮಾರ್ಚ್ ಪರೀಕ್ಷೆಯ ಅಂಕಗಳು ಅಂತಿಮ ವರದಿಯಾಗಿ ಹೋಗಲೇಬೇಕು, ತೀರಾ ಇಳಿದರೆ ಕೊಟ್ಟ ಸೀಟನ್ನು ಕಾಲೇಜು ಹಿಂದಕ್ಕೆ ಪಡೆಯಬಹುದು. ಸಿಇಟಿ, ಜೆಇಇ ಬರೆಯಬಹುದೇ ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ವೀಸಾ ಕೈಗೆ ಬರುವುದು ಬೇಸಿಗೆಯಲ್ಲಾದ್ದರಿಂದ ಆ ಆತಂಕ ಸಹಜ. ಪ್ರವೇಶ ಪರೀಕ್ಷೆ ಬರೆಯುವುದಕ್ಕೂ ಇನ್ನೊಂದು ಕಾಲೇಜಿಗೆ ಸೇರುವ ಒಪ್ಪಿಗೆ ಕೊಡುವುದಕ್ಕೂ ವ್ಯತ್ಯಾಸವಿದೆ. ಆದರೂ ಸಂಶಯ ಉಳಿಸಿಕೊಳ್ಳದೆ, ವೀಸಾ ಸಿಗದಿದ್ದರೆ ಸೇರ್ಪಡೆಯನ್ನು ಒಂದು ವರ್ಷ ಮುಂದೂಡುತ್ತೀರಾ, ಅಲ್ಲಿಯವರೆಗೆ ಇಲ್ಲಿನ ಪರೀಕ್ಷೆ ಬರೆಯಬಹುದೇ ಎಂದು ಪ್ರವೇಶ ಕಚೇರಿಗೆ ಇಮೇಲ್ ಬರೆದು, ಬಂದ ಉತ್ತರವನ್ನು ತೆಗೆದಿಡಿ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಐ-20 ಪತ್ರಕ್ಕೆ ಮೊದಲ ವರ್ಷದ ಖರ್ಚಿನ ಹಣ ತೋರಿಸಬೇಕಾಗುತ್ತದೆ. ಶಿಕ್ಷಣ ಸಾಲದ ಮಂಜೂರಾತಿ ಪತ್ರಕ್ಕೆ ಬ್ಯಾಂಕಿಗೆ ವಾರಗಳು ಹಿಡಿಯುವುದರಿಂದ, ಡಿಸೆಂಬರ್‌ನಲ್ಲಿ ಸೀಟು ಸಿಕ್ಕವರು ಜನವರಿಯಲ್ಲೇ ಆ ಕೆಲಸ ಶುರು ಮಾಡಬಹುದು.